ಮೂಸಿದ ಮಲ್ಲಿಗೆ

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಹಿಂದಿನ ಗುರುಗಳ ಸಮಾಧಿಯ ಗದ್ದುಗೆ, ಅದರ ಮುಂದೊಂದು ಪಡಸಾಲೆ, ಹಿಂದೊಂದು ಅಡುಗೆಮನೆ, ಸುತ್ತ ಒಂದಿಷ್ಟು ಹೂದೋಟ, ಅಷ್ಟೇ. ಅಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಅವರ ಹತ್ತಿರ ಮುರಿಗೆಯ್ಯ ಎಂಬ ಶಿಷ್ಯನಿದ್ದ.

ಶಿಷ್ಯ ಎಂದೊಡನೆ ಎಳೆಯ ಹುಡುಗ ಎಂದುಕೊಳ್ಳಬೇಡಿ. ಮುರಿಗೆಯ್ಯನ ಮೀಸೆಯಲ್ಲಿ ಆಗಲೇ ಬಿಳಿ ಕೂದಲು ಇಣುಕಿದ್ದವು. ತಾಯಿ ತೀರಿಕೊಂಡ ಮೇಲೆ ದಿಕ್ಕು ತೋಚದೆ ಮಠಕ್ಕೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ಗದ್ದುಗೆಗೆ ದಿನಾ ಹೂವು ತರುವುದು ಅವನ ಕೆಲಸ.

ಆ ಸೀಮೆಯಲ್ಲಿ ಒಂದು ರೂಢಿಯುಂಟು. ದೇವರಿಗೆ ಏರಿಸುವ ಹೂವನ್ನು ಮೊದಲು ಮೂಸಬಾರದು. ಮೂಸಿದರೆ ಎಂಜಲಾದಂತೆ. ಪಾಲಿಸಲು ಕಷ್ಟವೇನಿಲ್ಲ. ಕೀಳುವಾಗ ಹೂವನ್ನು ಮೂಗಿನ ಹತ್ತಿರ ಒಯ್ಯದಿದ್ದರೆ ಮುಗಿಯಿತು.

ಮುರಿಗೆಯ್ಯನಿಗೆ ಅಷ್ಟು ಸಾಲಲಿಲ್ಲ. ಗಾಳಿ ಬೀಸಿ ವಾಸನೆ ತಾನಾಗಿಯೇ ಮೂಗಿಗೆ ಬಡಿದರೆ ಏನು ಗತಿ? ಅದೂ ಮೂಸಿದಂತೆಯೇ ಅಲ್ಲವೇ? ಹೀಗೆ ಯೋಚಿಸಿ ಯೋಚಿಸಿ, ಕೊನೆಗೆ ತೋಟಕ್ಕೆ ಹೋಗುವಾಗ ಮೂಗಿನ ಮೇಲೆ ಒಂದು ವಸ್ತ್ರ ಕಟ್ಟಿಕೊಳ್ಳತೊಡಗಿದ.

ಬರಬರುತ್ತ ಆ ವಸ್ತ್ರ ತೋಟದಿಂದ ಹೊರಗೂ ಬಂತು. ಮಾವು ಹೂಬಿಟ್ಟಿದೆ ಎಂದು ಗೊತ್ತಾದರೆ ಆ ದಾರಿಯನ್ನೇ ಬಿಟ್ಟು, ಸುತ್ತು ಹಾಕಿಕೊಂಡು ಕಲ್ಲು ತುಳಿದು ಹೋಗುತ್ತಿದ್ದ. ಹೊಳೆಗೆ ಬಟ್ಟೆ ತಂದ ಹೆಣ್ಣುಮಕ್ಕಳು ಅವನನ್ನು ಕಂಡು ಚೇಷ್ಟೆ ಮಾಡುತ್ತಿದ್ದರು.

“ಅಯ್ಯಾರ, ನಮ್ಮ ಊರು ಅಷ್ಟು ನಾರತೈತೇನ್ರಿ?”

ಮುರಿಗೆಯ್ಯ ತಲೆ ತಗ್ಗಿಸಿ ಸರಸರ ನಡೆದುಬಿಡುತ್ತಿದ್ದ. ಅಜ್ಜ ಎಲ್ಲವನ್ನೂ ನೋಡಿದರು, ಸುಮ್ಮನಿದ್ದರು. ಸುಮ್ಮನಿರುವುದರಲ್ಲಿ ಅವರದು ಎತ್ತಿದ ಕೈ.

ಹೋಳಿಹುಣ್ಣಿಮೆ ಮುಗಿದಿತ್ತು. ಒಂದು ದಿನ ಬೆಳಿಗ್ಗೆ ಬಾಳವ್ವ ಗದ್ದುಗೆಯ ಬಾಗಿಲಿಗೆ ಬಂದಳು. ಬಾಳವ್ವ ಮಠದ ಅಡುಗೆ ನೋಡಿಕೊಳ್ಳುವ ಮುದುಕಿ. ಹಿತ್ತಲಲ್ಲಿ ಅವಳೇ ಹಚ್ಚಿ ಬೆಳೆಸಿದ ಮಲ್ಲಿಗೆ ಬಳ್ಳಿಯಿತ್ತು. ಸೆರಗಿನ ತುಂಬ ಹೂವು ತಂದಿದ್ದಳು.

“ಅಯ್ಯಾರ, ಈ ವರ್ಷದ ಮೊದಲನೇ ಮಲ್ಲಿಗಿ. ಗದ್ದಿಗಿಗೆ ಏರಸ್ರಿ.”

“ಮೂಸೀಯೇನು?” ಅಂದ ಮುರಿಗೆಯ್ಯ.

ಬಾಳವ್ವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

“ಒಂದ ಒಂದು ಹೂ ಮೂಸೇನ್ರಿ. ಅದನ್ನ ಬ್ಯಾರೆ ಇಟ್ಟೇನಿ. ಉಳಿದವು ಹಂಗ ಅದಾವ.”

“ಒಂದು ಮೂಸಿದರ ಎಲ್ಲಾ ಮೂಸಿದಂಗ. ನಡೆಯೂದಿಲ್ಲ.”

“ಪ್ರತಿ ವರ್ಷ ತಗೋತಿದ್ರಲ್ರಿ.”

“ಪ್ರತಿ ವರ್ಷ ನನಗ ಗೊತ್ತಿರಲಿಲ್ಲ. ಈಗ ಗೊತ್ತಾತಲ್ಲ.”

ಬಾಳವ್ವ ಅಜ್ಜ ಕೂತಿದ್ದ ಕಟ್ಟೆಯ ಕಡೆ ಒಮ್ಮೆ ನೋಡಿದಳು. ಸೆರಗನ್ನು ಹಾಗೆಯೇ ಒಟ್ಟುಮಾಡಿಕೊಂಡು ತಿರುಗಿ ಹೋದಳು. ಮರುದಿನದಿಂದ ಅವಳು ಹೂವು ತರಲಿಲ್ಲ.

ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಇದನ್ನು ಕಂಡಿದ್ದರು.

“ಬಾಳವ್ವ ಯಾಕ ತಿರುಗಿ ಹೋದ್ಲು?”

ಮುರಿಗೆಯ್ಯ ಕಾರಣ ಹೇಳಿದ. ಅಜ್ಜ “ಹೂಂ” ಅಂದರು. ಆಮೇಲೆ ಬಹಳ ಹೊತ್ತು ಹಿತ್ತಲಿನ ಕಡೆಗೇ ನೋಡುತ್ತ ಕೂತರು.

ಅದೇ ಸಂಜೆ ಇಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅಜ್ಜನ ಕಾಲು ನೀರಿನಲ್ಲಿತ್ತು. ಮುರಿಗೆಯ್ಯ ಒಂದು ಮೆಟ್ಟಿಲು ಕೆಳಗೆ ಕೂತು ಮಾತು ಹೇಗೆ ತೆಗೆಯಬೇಕೆಂದು ಒದ್ದಾಡುತ್ತಿದ್ದ.

“ಏನೋ ನುಂಗಾಕತ್ತೀದಿ. ಉಗುಳಿಬಿಡು,” ಅಂದರು ಅಜ್ಜ.

“ಶ್ರೀಶೈಲಕ್ಕ ನಡಕೊಂಡು ಹೋಗೂ ಮಂದಿ ಇನ್ನೇನು ಬರತಾರ್ರಿ. ಅವರ ಕೂಡ ಹೋಗತೀನ್ರಿ.”

“ಹೋಗಿ ಬಾ. ಮಲ್ಲಯ್ಯನ ದರ್ಶನ ಆಗಲಿ.”

“ಹೋಗತೀನಿ ಅಂದೆ. ಬರತೀನಿ ಅನ್ನಲಿಲ್ರಿ.”

ಅಜ್ಜನ ಕಾಲು ನೀರಿನಲ್ಲಿ ಆಡುತ್ತಿದ್ದದ್ದು ನಿಂತಿತು.

“ನನ್ನಿಂದ ಏನರ ತಪ್ಪಾತೇನಪಾ?”

“ಬಿಡ್ತು ಅನ್ರಿ ಅಜ್ಜಾರ. ನಿಮ್ಮಿಂದ ಏನು ತಪ್ಪಾದೀತು? ನನ್ನ ಮನಸ್ಸು ಒಣಗೇತ್ರಿ. ಪೂಜಾ ಮಾಡತೀನಿ, ಬರೇ ಕೈ ಮಾಡತಾವ. ಮಂತ್ರ ಅನ್ನತೀನಿ, ಬರೇ ಬಾಯಿ ಅಂತೈತಿ. ಮೊದಲ ಹಿಂಗಿರಲಿಲ್ಲ. ಗದ್ದಿಗಿ ಮುಂದ ಕುಂತರ ಕಣ್ಣಾಗ ನೀರು ಬರತಿತ್ತು. ಈಗ ಆಕಳಿಕಿ ಬರತಾವ.”

“ಶ್ರೀಶೈಲದಾಗ ಹಸಿ ಆಗತೈತೇನು?”

“ಗೊತ್ತಿಲ್ರಿ. ಇಲ್ಲಿ ಆಗೂದಿಲ್ಲ ಅನ್ನೂದು ಗೊತ್ತಾಗೇತಿ.”

ಅಜ್ಜನಿಗೆ ಮುರಿಗೆಯ್ಯನೆಂದರೆ ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಿಂತ ಹೆಚ್ಚು. ಅದು ಮುರಿಗೆಯ್ಯನಿಗೂ ಗೊತ್ತಿತ್ತು. ಅದಕ್ಕೇ ಅವನಿಗೆ ಅಜ್ಜನ ಮುಖ ನೋಡಲು ಧೈರ್ಯ ಬರಲಿಲ್ಲ. ಈ ಮುದುಕರನ್ನು ಬಿಟ್ಟು ಹೋಗುವುದು ಕಷ್ಟವಾಗಿತ್ತು. ಆದರೆ ಒಣಗಿದ ಮನಸ್ಸು ಹೊತ್ತುಕೊಂಡು ದಿನಾ ಗದ್ದುಗೆಯ ಮುಂದೆ ನಿಲ್ಲುವುದು ಅದಕ್ಕಿಂತ ಕಷ್ಟವಾಗಿತ್ತು.

“ಹೋಗು. ನಾ ತಡಿಯೂದಿಲ್ಲ,” ಅಂದರು ಅಜ್ಜ. “ಆ ಮಂದಿ ಬರೂತನಕ ನನ್ನದೊಂದು ಕೆಲಸ ಮಾಡಿಕೊಡತೀಯೇನು?”

“ಹೇಳ್ರಿ.”

“ನನ್ನ ಮೂಗು ಕೆಲಸ ಮಾಡವಲ್ದು.”

“ನೆಗಡಿ ಆಗೇತೇನ್ರಿ? ಬಾಳವ್ವಗ ಹೇಳಿ ಶುಂಠಿ ಕಷಾಯ ಮಾಡಸ್ತೀನಿ ತಡೀರಿ.”

“ಕಷಾಯ ಬ್ಯಾಡ. ಹೊರಗ ಚೈತ್ರ ಬರಾಕತ್ತೈತಿ, ನನಗ ಏನೂ ತಿಳಿಯವಲ್ದು. ನೀ ಹೋಗಿ ಒಂದೊಂದು ಗಿಡದ ಹೂ ಮೂಸಿ ಬಂದು ಹೇಳು.”

“ನಾನ್ರಿ?”

“ಮತ್ತ ಯಾರನ್ನ ಕಳಸಲಿ? ನಮ್ಮ ಆಕಳನ್ನೇನು?”

“ಮೂಸಿದ ಹೂ ಗದ್ದಿಗಿಗೆ ನಡಿಯೂದಿಲ್ಲಲ್ರಿ.”

“ಗದ್ದಿಗಿ ಹೂ ನೀ ದಿನಾ ತರೂ ಹಂಗ ಮೂಗು ಕಟ್ಟಿಕೊಂಡ ತಾ. ಅದರ ಮಾತು ಬ್ಯಾರೆ. ಇದು ನನ್ನ ಕೆಲಸ. ಗಿಡದಾಗಿನ ಹೂ ಗಿಡದಾಗ ಇರಲಿ, ವಾಸನಿ ಅಷ್ಟು ನನಗ ತಂದುಕೊಡು.”

ಮುರಿಗೆಯ್ಯ ಪೇಚಿಗೆ ಸಿಕ್ಕಿದ. ಗುರುವಿನ ಸೇವೆ, ಒಲ್ಲೆ ಎನ್ನುವಂತಿಲ್ಲ. ಹೂಂ ಎಂದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಮೂಗಿನ ಗತಿಯೇನು? ಕೊನೆಗೆ ಹೋಗುವವನು ಹೇಗೂ ಹೋಗುತ್ತೇನಲ್ಲ, ಅಜ್ಜನ ಮನಸ್ಸಾದರೂ ತಣ್ಣಗಾಗಲಿ ಎಂದು ಒಪ್ಪಿಕೊಂಡ.

ಮರುದಿನ ಹೊಳೆಯ ದಾರಿಯ ಹೊಂಗೆ ಮರದ ಹತ್ತಿರ ಹೋದ. ಯಾರಾದರೂ ನೋಡುತ್ತಾರೇನೋ ಎಂದು ಕಳ್ಳನ ಹಾಗೆ ಆಚೀಚೆ ಕಣ್ಣು ಹಾಯಿಸಿದ. ವಸ್ತ್ರ ಸ್ವಲ್ಪ ಸರಿಸಿ, ತಗ್ಗಿದ ಟೊಂಗೆಯೊಂದಕ್ಕೆ ಮೂಗು ಹಚ್ಚಿದ ಶಾಸ್ತ್ರ ಮಾಡಿ ಓಡಿಬಂದ.

“ಹೆಂಗಿತ್ತು?” ಅಂದರು ಅಜ್ಜ.

“ಚಲೋ ಇತ್ರಿ.”

“ನಿನ್ನೆ ಬಾಳವ್ವ ಮಾಡಿದ ಸಾರು ಹೆಂಗಿತ್ತು?”

“ಚಲೋ ಇತ್ರಿ.”

“ನಮ್ಮ ಆಕಳು ಹೆಂಗೈತಿ?”

“ಚಲೋ ಐತ್ರಿ.”

“ಹಂಗಾರ ಹೊಂಗಿ ಹೂ ಸಾರಿನಂಗ ಇತ್ತೋ, ಆಕಳದಂಗ ಇತ್ತೋ?”

ಮುರಿಗೆಯ್ಯ ತಲೆ ಕೆರೆದುಕೊಂಡ.

“ಹೋಗು, ಇನ್ನೊಮ್ಮೆ ಹೋಗು. ಅವಸರ ಮಾಡಬ್ಯಾಡ. ಅಲ್ಲಿ ನಿನ್ನನ್ನ ಯಾರೂ ಬಡಿಯೂದಿಲ್ಲ.”

ಮುರಿಗೆಯ್ಯ ಮತ್ತೆ ಹೋದ. ಈ ಸಲ ವಸ್ತ್ರವನ್ನು ಪೂರ್ತಿ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಕಣ್ಣು ಮುಚ್ಚಿ ನಿಂತ. ಮೊದಲು ಏನೂ ತಿಳಿಯಲಿಲ್ಲ. ವರ್ಷಗಟ್ಟಲೆ ಮುಚ್ಚಿದ ಮನೆಯ ಬಾಗಿಲು ತೆಗೆದರೆ ಒಳಗೆ ಕಣ್ಣು ಕಾಣಲು ಹೊತ್ತು ಹಿಡಿಯುತ್ತದಲ್ಲ, ಹಾಗೆ. ನಿಧಾನವಾಗಿ ಏನೋ ಮೂಗಿಗೆ ಬಂತು. ಎಲ್ಲೋ ಗೊತ್ತಿದ್ದ ವಾಸನೆ. ಅದು ಏನೆಂದು ನೆನಪಾದಾಗ ಅವನಿಗೆ ನಗು ಬಂತು.

“ಹಸಿ ಶೇಂಗಾ ಇದ್ದಂಗ ಐತ್ರಿ ಅಜ್ಜಾರ. ಹೊಲದಾಗ ಆಗ ಕಿತ್ತಿದ್ದು. ಮ್ಯಾಲೆ ಸ್ವಲ್ಪ ಸಿಹಿ, ಹಿಂದ ಮಣ್ಣು.”

“ಹಸಿ ಶೇಂಗಾ,” ಅಂದರು ಅಜ್ಜ. ಕಣ್ಣು ಮುಚ್ಚಿ ಆ ಮಾತನ್ನೇ ಅಗಿಯುತ್ತಿದ್ದಂತೆ ಕೂತರು. “ಗಿಡದ ಬುಡಕ್ಕ ಹೂ ಬಿದ್ದಾವೇನು?”

“ನೋಡಲಿಲ್ರಿ.”

“ನಾಳೆ ನೋಡು.”

ಮರುದಿನ ನೋಡಿದ. ನೆಲ ಕಾಣದ ಹಾಗೆ ಹೂವು ಬಿದ್ದಿದ್ದವು. ತುಳಿಯಲು ಮನಸ್ಸು ಬಾರದೆ ಅಂಚಿನಲ್ಲೇ ನಡೆದು ಬಂದ. ಅದನ್ನೂ ಅಜ್ಜನಿಗೆ ಹೇಳಿದ.

ಆಮೇಲೆ ಮಾವಿನ ಸರದಿ. ತಾನು ವರ್ಷವರ್ಷ ಸುತ್ತಿ ಬಳಸಿ ತಪ್ಪಿಸುತ್ತಿದ್ದ ಮಾವಿನ ದಾರಿಗೇ ಮುರಿಗೆಯ್ಯ ನಡೆದ. ಹೂವು ಉದುರಿ ಮಿಡಿ ಕಚ್ಚುವ ಹೊತ್ತು. ಬಂದು ಹೇಳಿದ:

“ನಾ ಸಿಹಿ ಇರತೈತಿ ಅಂದ್ಕೊಂಡಿದ್ದೆ. ಇಲ್ರಿ, ಹುಳಿ ಐತಿ. ಮೂಗಿಗೆ ಬರೂದ್ರಾಗ ಬಾಯಾಗ ನೀರು ಬಂತು.”

“ನಿನಗ ಬಂತೋ ಇಲ್ಲೋ, ನನಗ ಬಂತು ನೋಡು,” ಅಂದು ಅಜ್ಜ ನಿಜವಾಗಿಯೂ ಎಂಜಲು ನುಂಗಿದರು.

ಅಂದು ಮಧ್ಯಾಹ್ನ ಮುರಿಗೆಯ್ಯ ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಬಾಳವ್ವ ಮುಖ ತಿರುಗಿಸಿಕೊಂಡೇ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟಳು. ಸಿಟ್ಟಿದ್ದರೂ ಬಾಳವ್ವನ ಕೈ ಬಿಗಿಯಾಗುವಂಥದ್ದಲ್ಲ.

ಬೇವಿನ ಮರಕ್ಕೆ ಅವನು ಹೊತ್ತು ಇಳಿಯುವಾಗ ಹೋದ. ಊರ ಹೊರಗಿನ ದೊಡ್ಡ ಬೇವು, ಮೈತುಂಬ ಹೂವು. ಬೇವು ಕಹಿ, ಅದರ ಹೂವೂ ಕಹಿಯೇ ನಾರುತ್ತದೆ ಎಂದು ನಂಬಿದ್ದ. ಮರದ ಕೆಳಗೆ ನಿಂತು ಒಂದು ಉಸಿರು ತೆಗೆದುಕೊಂಡ, ಅಷ್ಟೇ. ಅಲ್ಲೇ ಬುಡಕ್ಕೆ ಕೂತುಬಿಟ್ಟ.

ಅವನು ಸಣ್ಣವನಿದ್ದಾಗ ಅವ್ವ ಈ ದಿನಗಳಲ್ಲಿ ಬೇವಿನ ಕೆಳಗೆ ಹೊರಸು ಹಾಕುತ್ತಿದ್ದಳು. ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಹೂವು ಉದುರಿ ಉದುರಿ ಅವಳ ಸೆರಗಿನ ಮೇಲೆ ಬೀಳುತ್ತಿದ್ದವು. ಅವ್ವನನ್ನು ಅವನು ಮರೆತಿರಲಿಲ್ಲ. ಆದರೆ ಬರೀ ಹೆಸರು, ತಿಥಿ, ಎಡೆ ಇಷ್ಟೇ ಉಳಿದಿತ್ತು. ಈಗ ಸೆರಗು ಬಂತು, ತೊಡೆಯ ಬಿಸಿ ಬಂತು, ತಲೆ ಸವರುವ ಕೈ ಬಂತು. ಮುರಿಗೆಯ್ಯ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅತ್ತ ಮೇಲೆ ಮೈಯೆಲ್ಲ ಹಗುರವಾಯಿತು.

ಮಠಕ್ಕೆ ಬಂದಾಗ ಅಜ್ಜ ಪಡಸಾಲೆಯಲ್ಲಿ ಕಾಯುತ್ತಿದ್ದರು.

“ಬೇವಿನ ಹೂ ಹೆಂಗಿತ್ತು?”

ಮುರಿಗೆಯ್ಯ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ.

“ನಮ್ಮವ್ವನ ಸೆರಗಿನಂಗ ಇತ್ರಿ.”

ಅಜ್ಜ ಹತ್ತಿರ ಕರೆದು ಬೆನ್ನು ಸವರಿದರು.

ಅಲ್ಲಿಂದ ಮುಂದೆ ಮುರಿಗೆಯ್ಯನನ್ನು ಹಿಡಿಯುವವರೇ ಇಲ್ಲ. ಅಜ್ಜ ಒಂದು ಗಿಡ ಎಂದರೆ ಇವನು ಮೂರು ಗಿಡ ಮೂಸಿ ಬರುತ್ತಿದ್ದ. ಹೂವು ಸಾಲದೆ ಅರಳಿಯ ಕೆಂಪು ಚಿಗುರನ್ನೂ ಮೂಸಿದ, ಹೊಳೆಯ ಹಸಿ ಮರಳನ್ನೂ ಮೂಸಿದ. ಹುಣಸೆ ಚಿಗುರನ್ನು ಮೂಸಲು ಹೋಗಿ ತಿಂದೇಬಿಟ್ಟು, ಅದರ ವಾಸನೆ ಕೇಳಿದರೆ ರುಚಿ ಹೇಳಿದ. ಬಟ್ಟೆ ಒಗೆಯುವ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಚ್ಚಿ ನಕ್ಕರು. ಅವನೂ ನಕ್ಕ.

ನಗುತ್ತ ನಗುತ್ತಲೇ ಒಂದು ದಿನ ಅವನಿಗೆ ಅನುಮಾನ ಬಂತು. ಇದೇನು ನಾನು ಮಾಡುತ್ತಿರುವುದು? ಸೀದಾ ಅಜ್ಜನ ಹತ್ತಿರ ಬಂದ.

“ಅಜ್ಜಾರ, ಇದು ಆಶಾ ಅಲ್ಲೇನ್ರಿ?”

“ಯಾವುದು?”

“ಬೆಳಗಾದರ ಸಾಕು, ಇವತ್ತ ಯಾವ ಗಿಡ ಅಂತ ಮನಸು ಕುಣೀತೈತಿ. ಸುಖಾ ಅನಸ್ತೈತಿ. ಸನ್ಯಾಸಿಗೆ ಇದು ಸರಿಯೇನ್ರಿ?”

“ನಿನ್ನೆ ಬೇವಿಗೆ ಮತ್ತ ಹೋಗಿದ್ದಿ ಅಲಾ?”

“ಹೋಗಿದ್ದೆ ರಿ.”

“ಒಂದು ಟೊಂಗಿ ಮುರಕೊಂಡು ಬಂದು ಹಾಸಿಗಿ ಹತ್ತರ ಇಟ್ಟುಕೊಂಡಿಯೇನು?”

“ಇಲ್ರಿ. ಗಿಡದಾಗ ಇದ್ದರ ಹೋಗೂ ಬರೂ ಮಂದಿಗೆಲ್ಲಾ ವಾಸನಿ ಬರತೈತಲ್ರಿ.”

“ಹಂಗಾರ ಆಶಾ ಎಲ್ಲೈತಿ ಹುಡುಕಿ ತಾ. ಇಬ್ಬರೂ ಕೂಡಿ ನೋಡೂಣು.”

ಮುರಿಗೆಯ್ಯ ಹುಡುಕಿದ. ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಅವನಿಗೆ ಒಳಗೊಳಗೇ ಖುಷಿಯಾಯಿತು. ಆದರೂ ಯಾತ್ರೆಯ ಗಂಟನ್ನು ಅವನು ಬಿಚ್ಚಲಿಲ್ಲ. ಹೋಗುತ್ತೇನೆ ಎಂದು ಗುರುವಿಗೆ ಆಡಿದ ಮಾತಿತ್ತು. ಈ ಹಸಿ ಎಷ್ಟು ದಿನ ಉಳಿದೀತು ಎಂಬ ಅಂಜಿಕೆಯೂ ಇತ್ತು.

ಒಂದು ಇಳಿಹೊತ್ತು ಅವನು ತೋಟದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ. ಗಾಳಿಯಲ್ಲಿ ಹೊತ್ತಿದ ವಾಸನೆ ಬಂತು. ಹಾಲು ಹೊತ್ತುತ್ತಿದೆ. ಕೊಡ ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದ. ಒಲೆಯ ಮೇಲೆ ಹಾಲು ಉಕ್ಕಿ ಸುರಿದು, ತಳ ಹಿಡಿದು, ಮನೆಯೆಲ್ಲ ಗಮಟು ನಾರುತ್ತಿತ್ತು. ಒಲೆಯಿಂದ ನಾಲ್ಕು ಹೆಜ್ಜೆ ಆಚೆ ಅಜ್ಜ ಅದಕ್ಕೆ ಬೆನ್ನು ಮಾಡಿ ಆರಾಮಾಗಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು.

“ಅಜ್ಜಾರ, ಹಾಲು!”

“ಹೌದೇನು?” ಎಂದು ತಿರುಗಿ ನೋಡಿದ ಅಜ್ಜ ನಾಲಿಗೆ ಕಚ್ಚಿಕೊಂಡರು. “ಬಾಳವ್ವ ನೋಡಕೋ ಅಂತ ಹೇಳಿ ನೀರಿಗೆ ಹೋಗ್ಯಾಳ. ಇವತ್ತ ನನಗ ಊಟ ಇಲ್ಲ ನೋಡು.” ಹೀಗೆಂದು ಮೆಲ್ಲಗೆ ಎದ್ದು ಪಡಸಾಲೆಗೆ ಜಾರಿಕೊಂಡರು.

ಅಷ್ಟರಲ್ಲಿ ಬಾಳವ್ವ ಕೊಡ ಹೊತ್ತುಕೊಂಡು ಬಂದಳು. ಮುರಿಗೆಯ್ಯ ಪಾತ್ರೆ ಕೆಳಗಿಳಿಸುತ್ತಿದ್ದ.

“ಅಜ್ಜಾರ ನೆಗಡಿ ಭಾಳ ಜೋರೈತಿ ಬಾಳವ್ವ. ಇಷ್ಟು ಹೊತ್ತಿದರೂ ಅವರಿಗೆ ತಿಳಿದಿಲ್ಲ.”

“ಎಂಥಾ ನೆಗಡಿ ಬಂತ್ರಿ ಅಯ್ಯಾರ?” ಅಂದಳು ಬಾಳವ್ವ. “ನೀವು ಮಠಕ್ಕ ಬರೂಕಿಂತ ಮೊದಲ ಅಜ್ಜಾರಿಗೆ ದೊಡ್ಡ ಜ್ವರ ಬಂದಿತ್ತು. ಜೀವ ಉಳೀತು, ಮೂಗು ಹೋತು. ಊದಿನಕಡ್ಡಿನೂ ತಿಳಿಯೂದಿಲ್ಲ, ಸಗಣಿನೂ ತಿಳಿಯೂದಿಲ್ಲ ಅವರಿಗೆ.”

ಮುರಿಗೆಯ್ಯ ಬಿಸಿ ಪಾತ್ರೆ ಹಿಡಿದುಕೊಂಡೇ ನಿಂತ.

“ಅದಕ್ಕ ವರ್ಷಾ ಮೊದಲನೇ ಮಲ್ಲಿಗಿ ಅರಳಿದ ದಿನ ನಾ ಒಂದು ಹೂ ಮೂಸಿ, ಹೆಂಗೈತಿ ಅಂತ ಹೋಗಿ ಅವರಿಗೆ ಹೇಳತಿದ್ದೆ. ಕೂಸಿನಂಗ ಕೇಳಕೋತ ಕೂಡತಿದ್ರು. ಈ ವರ್ಷ ನೀವು ಹಂಗಂದ ಮ್ಯಾಲೆ ನನಗ ಅಂಜಿಕಿ ಆತು. ಪಾಪ ಇರಬೇಕು ಅಂತ ಸುಮ್ಮನಾದೆ.”

ಮುರಿಗೆಯ್ಯ ನಾಚಿಕೆಯಿಂದ ಭೂಮಿಗಿಳಿದು ಹೋದ. ಅಂದು ಬಾಗಿಲಿನಿಂದ ತಿರುಗಿ ಕಳಿಸಿದ್ದು ಒಂದು ಸೆರಗು ಹೂವನ್ನಷ್ಟೇ ಅಲ್ಲ, ಅಜ್ಜನ ಆ ವರ್ಷದ ಚೈತ್ರವನ್ನೇ ಎಂದು ಅವನಿಗೆ ಆಗ ತಿಳಿಯಿತು.

“ಯವ್ವಾ, ಅವತ್ತ ನಾ ಅಂದದ್ದು ಮರತು ಬಿಡಬೇಕು.”

“ನಾ ಮರತೇನಿ ಬಿಡ್ರಿ. ಬಳ್ಳಿ ಕೇಳಬೇಕಲ್ಲ? ಅದು ದಿನಾ ಅರಳಿ ಅರಳಿ ನೆಲಕ್ಕ ಉದರಾಕತ್ತೈತಿ,” ಅಂದಳು ಬಾಳವ್ವ.

ಮುರಿಗೆಯ್ಯ ಪಡಸಾಲೆಗೆ ಬಂದ. ಅಜ್ಜ ಗೋಡೆಗೆ ಒರಗಿ ಏನೂ ಅರಿಯದವರಂತೆ ಕೂತಿದ್ದರು.

“ಅಜ್ಜಾರ, ನೆಗಡಿ ಅಂತ ನನಗ ಯಾಕ ಸುಳ್ಳು ಹೇಳಿದ್ರಿ?”

“ನೆಗಡಿ ಅಂದಾವ ನೀನು. ನಾ ಮೂಗು ಕೆಲಸ ಮಾಡವಲ್ದು ಅಂದೆ.”

ಹೌದಲ್ಲ ಎಂದುಕೊಂಡ ಮುರಿಗೆಯ್ಯ. ಆದರೂ ಮತ್ತೆ ಕೇಳಿದ.

“ನಾ ಮೂಗಿಗೆ ವಸ್ತ್ರ ಕಟಗೊಂಡು ನಿಮ್ಮ ಕಣ್ಣ ಮುಂದ ಅಡ್ಡಾಡತಿದ್ದೆ. ನಿಮಗ ಸಿಟ್ಟು ಬರಲಿಲ್ಲೇನ್ರಿ?”

“ಸಿಟ್ಟಲ್ಲ. ಹೊಟ್ಟಿಕಿಚ್ಚು,” ಅಂದರು ಅಜ್ಜ. “ಎಂಥಾ ಚಂದದ ಮೂಗು, ಸುಮ್ಮನ ಅರಿವ್ಯಾಗ ಕುಂತೈತಿ ಅಂತ.”

ಮುರಿಗೆಯ್ಯನಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು.

ಮರುದಿನ ಬೆಳಗಾಗುತ್ತಲೇ ಶ್ರೀಶೈಲದ ಮಂದಿ ಬಂದರು. ಬರಿಗಾಲಿನಲ್ಲಿ ಧೂಳು ತುಳಿದು ಬಂದ ಗಂಡಸರು, ಹೆಂಗಸರು, ಮುಂದೆ ಹೆಗಲ ಮೇಲೆ ಮಲ್ಲಯ್ಯನ ಕಂಬಿ ಎಂಬ ಅಲಂಕರಿಸಿದ ಅಡ್ಡೆಕೋಲು ಹೊತ್ತ ಒಬ್ಬ ಹಿರಿಯ. ಅಂಗಳದಲ್ಲಿ ಕೂತು ಬಾಳವ್ವ ಕೊಟ್ಟ ಅಂಬಲಿ ಕುಡಿದರು.

“ಎಲ್ಲಿ ಅಯ್ಯಾರು? ಬಿಸಿಲು ಏರೂದ್ರಾಗ ಹೊಂಡಬೇಕು,” ಅಂದ ಕಂಬಿಯ ಹಿರಿಯ.

ಮುರಿಗೆಯ್ಯನ ಗಂಟು ಬಾಗಿಲಲ್ಲಿತ್ತು. ಮುರಿಗೆಯ್ಯ ಹಿತ್ತಲಲ್ಲಿದ್ದ. ಬುಟ್ಟಿ ಹಿಡಿದು, ಮೂಗಿಗೆ ಏನೂ ಕಟ್ಟಿಕೊಳ್ಳದೆ, ಮಲ್ಲಿಗೆ ಬಳ್ಳಿಯ ಮುಂದೆ ನಿಂತಿದ್ದ. ಇಬ್ಬನಿ ಇನ್ನೂ ಆರಿರಲಿಲ್ಲ. ಹೋಗುವ ಮೊದಲು ಅಜ್ಜನಿಗೆ ಮಲ್ಲಿಗೆಯನ್ನು ಸರಿಯಾಗಿ ಹೇಳಬೇಕು, ಬಾಳವ್ವ ಹೇಳುತ್ತಿದ್ದುದಕ್ಕಿಂತ ಒಂದು ಮಾತೂ ಕಡಿಮೆಯಾಗಬಾರದು ಎಂದು ಅವನ ಹಟ. ಒಂದು ಹೂವು ಕಿತ್ತು ಮೂಸಿದ. ಸಾಲಲಿಲ್ಲ. ಇನ್ನೊಂದು ಮೂಸಿದ. ಬುಟ್ಟಿ ತುಂಬಿದಾಗ ಮುಖವನ್ನೇ ಅದರೊಳಗೆ ಇಟ್ಟುಬಿಟ್ಟ. ಎಷ್ಟು ಹೊತ್ತು ಹಾಗಿದ್ದನೋ ಅವನಿಗೇ ಗೊತ್ತಾಗಲಿಲ್ಲ.

ಗದ್ದುಗೆಯ ಬಾಗಿಲಿಗೆ ಬಂದಾಗ ಅಜ್ಜ ಪೂಜೆಗೆ ಎಲ್ಲ ಅಣಿಮಾಡಿಕೊಂಡು ಹೂವಿಗಾಗಿ ಕಾಯುತ್ತಿದ್ದರು. ಆಗ ಮುರಿಗೆಯ್ಯನಿಗೆ ಎಚ್ಚರ ಬಂತು. ಗದ್ದುಗೆಯ ಹೂವು ಬೇರೆ ತರುವುದೇ ಮರೆತುಹೋಗಿತ್ತು. ಎಂದೂ ಹೀಗಾಗಿರಲಿಲ್ಲ.

“ತಪ್ಪಾತ್ರಿ ಅಜ್ಜಾರ. ಇವಷ್ಟ ಅದಾವು. ಎಲ್ಲಾ ಮೂಸಿಬಿಟ್ಟೇನಿ. ಒಂದೂ ಬಿಟ್ಟಿಲ್ಲ.”

“ಹೆಂಗಿತ್ತು ಮಲ್ಲಿಗಿ?”

ಮುರಿಗೆಯ್ಯ ಹೊಸ್ತಿಲಲ್ಲೇ ಕೂತ.

“ಮೊದಲ ತಂಪು ಬರತೈತ್ರಿ, ವಾಸನಿ ಆಮ್ಯಾಲೆ. ಎಳೀ ಮೊಗ್ಗು ಆದ್ರ ಹಸಿ ಹಾಲಿನಂಗ. ಪೂರ್ತಿ ಅರಳಿದ್ದು ಹಂಗಲ್ಲ, ಮದುವಿ ಮನಿ ಆಗತೈತಿ, ಎಲ್ಲಾರೂ ಒಮ್ಮೆಲೇ ಮಾತಾಡಿದಂಗ. ಅಂಚು ಸ್ವಲ್ಪ ಬಾಡಿದ್ದು ಇರತೈತಿ ನೋಡ್ರಿ, ಅದು ಎಲ್ಲಾದಕ್ಕಿಂತ ಚಲೋ. ಮದುವಿ ಮುಗದು ಮಂದಿ ಹೋದ ಮ್ಯಾಲೆ ಅಂಗಳದಾಗ ಒಬ್ಬರ ಕುಂತಂಗ.”

ಅಜ್ಜನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರಿತು. ಒರೆಸಿಕೊಳ್ಳಲಿಲ್ಲ.

“ಯಾರ ಸಲುವಾಗಿ ಮೂಸಿದಿ?”

“ನಿಮ್ಮ ಸಲುವಾಗಿ ರಿ.”

“ಬರೇ ನನ್ನ ಸಲುವಾಗಿ?”

ಮುರಿಗೆಯ್ಯ ತಲೆ ತಗ್ಗಿಸಿದ. ಗದ್ದುಗೆಯ ಮುಂದೆ ಸುಳ್ಳು ಹೇಳುವುದು ಹೇಗೆ?

“ಮೊದಲನೇ ಹೂ ನಿಮ್ಮ ಸಲುವಾಗಿ. ಆಮ್ಯಾಲೆ ನಿಮ್ಮ ನೆನಪ ಬರಲಿಲ್ರಿ.”

ಅಜ್ಜ ನಕ್ಕರು. ಅಂಗಳದ ಮಂದಿ ತಿರುಗಿ ನೋಡುವ ಹಾಗೆ ನಕ್ಕರು. ನಗುತ್ತಲೇ ಬುಟ್ಟಿ ತೆಗೆದುಕೊಂಡು, ಎರಡೂ ಕೈ ತುಂಬಿ ಆ ಹೂವನ್ನು ಗದ್ದುಗೆಯ ಮೇಲೆ ಸುರಿದರು. ಮುರಿಗೆಯ್ಯ ತಡೆಯಲು ಕೈ ಎತ್ತಿದವನು ಹಾಗೆಯೇ ಜೋಡಿಸಿದ. ಅವನ ಕಣ್ಣು ತುಂಬಿತು. ಒಂದೇ ಒಂದು ಆಕಳಿಕೆಯೂ ಬರಲಿಲ್ಲ.

ಪೂಜೆ ಮುಗಿದ ಮೇಲೆ ಅವನು ಅಜ್ಜನ ಕಾಲು ಹಿಡಿದ.

“ನಾ ಹೋಗೂದಿಲ್ರಿ.”

“ಯಾಕ? ಮೂಗಿಲ್ಲದ ಮುದುಕ, ಪಾಪ, ಇವಗ ಹೇಳವರು ಯಾರು ಅಂತೇನು? ನಿನ್ನ ಕನಿಕರ ನನಗ ಬ್ಯಾಡ. ಮೂಗು ಹೋಗಿ ಎಷ್ಟು ಕಾಲಾತು, ನಾ ಎಂದರ ಅಳುಮಾರಿ ಹಾಕ್ಕೊಂಡು ಕುಂತದ್ದು ನೋಡೀಯೇನು? ನನ್ನ ಸಲುವಾಗಿ ಇರೂದಾದ್ರ ಈಗ ಗಂಟು ಎತ್ತು.”

“ನಿಮ್ಮ ಸಲುವಾಗಿ ಅಲ್ರಿ.”

“ಮತ್ತ?”

ಮುರಿಗೆಯ್ಯ ಹೇಗೆ ಹೇಳುವುದೆಂದು ತಡಕಾಡಿದ. ದೊಡ್ಡ ಮಾತು ಯಾವುದೂ ಸಿಗಲಿಲ್ಲ.

“ಬಾವಿ ಹತ್ತರದ ಸಂಪಿಗಿ ಇನ್ನಾ ಮೊಗ್ಗೈತ್ರಿ. ನಾಳೆ ನಾಡಿದ್ದು ಅರಳತೈತಿ. ಅದು ಹೆಂಗಿರತೈತೋ ನನಗ ನೋಡಬೇಕಾಗೇತಿ.”

ಅಜ್ಜ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಅವನನ್ನು ಅಲ್ಲೇ ಬಿಟ್ಟು ಅಂಗಳಕ್ಕೆ ಬಂದರು.

ಮಂದಿ ಎದ್ದು ನಿಂತಿದ್ದರು. ಹಿರಿಯ ಕಂಬಿಯನ್ನು ಹೆಗಲಿಗೇರಿಸಿದ್ದ.

“ಅಜ್ಜಾರ, ಅಯ್ಯಾರನ್ನ ಕಳಸ್ರಿ. ಶ್ರೀಶೈಲ ಇನ್ನಾ ಭಾಳ ದೂರೈತಿ.”

“ನೀವು ನಡೀರಪಾ,” ಅಂದರು ಅಜ್ಜ. “ನಮ್ಮ ಮುರಿಗೆಯ್ಯ ಆಗಲೇ ಮುಟ್ಯಾನ.”